ಮೊದಲಿಗರ ಪಾಠ: ಹೆಸರಿನ ಜೊತೆ ಮೆಟ್ಟಿಲನ್ನೂ ತೋರಿಸಿ

“ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ ಯಾರು?” ಬಸವನಗುಡಿಯ ಯಾವ ಹೈಸ್ಕೂಲಿನಲ್ಲಿ ಕೇಳಿದರೂ ನಾಲ್ಕಾರು ಕೈ ಮೇಲೇಳುತ್ತವೆ. ಎಂ. ಫಾತಿಮಾ ಬೀವಿ, 1989. ಕ್ವಿಜ್‌ನಲ್ಲಿ ಒಂದು ಅಂಕ ಬಂತು, ಅಲ್ಲಿಗೆ ಮುಗಿಯಿತು. ಮುಂದಿನ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಕೋರ್ಟು ಶುರುವಾದದ್ದು 1950ರಲ್ಲಿ. ಮೊದಲ ಹೆಣ್ಣುಮಗಳು ಆ ಪೀಠದಲ್ಲಿ ಕೂರಲು 39 ವರ್ಷ ಏಕೆ ಬೇಕಾಯಿತು? ನನ್ನ ಮಟ್ಟಿಗೆ ಪಾಠ ಶುರುವಾಗಬೇಕಾದ್ದು ಈ ಪ್ರಶ್ನೆಯಿಂದ.

ನ್ಯಾಯಾಂಗದ ಮೊದಲ ತಲೆಮಾರಿನ ಹೆಣ್ಣುಮಕ್ಕಳನ್ನು ಪರಿಚಯಿಸಬೇಕೆಂದು ಮನಸ್ಸಿರುವ ಮೇಷ್ಟ್ರು, ಮೇಡಂಗಳಿಗಾಗಿ ಈ ಬರಹ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಶಾಲೆ ಕಾಲೇಜುಗಳನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಬೇರೆ ಊರಿನವರು ತಮ್ಮ ಜಿಲ್ಲಾ ಕೋರ್ಟಿಗೆ ಹೊಂದಿಸಿಕೊಳ್ಳಬಹುದು.

ದೆಹಲಿಗೆ ಹೋಗುವ ಮುನ್ನ ನಮ್ಮ ಹೈಕೋರ್ಟಿನಿಂದಲೇ ಆರಂಭಿಸಿ. ಮೈಸೂರು ಸಂಸ್ಥಾನದ ಚೀಫ್ ಕೋರ್ಟ್ ಸ್ಥಾಪನೆಯಾದದ್ದು 1884ರಲ್ಲಿ. ಅದೇ ಮುಂದೆ ಮೈಸೂರು ಹೈಕೋರ್ಟ್ ಆಗಿ, 1973ರಲ್ಲಿ ಕರ್ನಾಟಕ ಹೈಕೋರ್ಟ್ ಆಯಿತು. ಅಲ್ಲಿ ಮೊದಲ ಮಹಿಳಾ ನ್ಯಾಯಮೂರ್ತಿ ಬಂದದ್ದು 2000ದ ಫೆಬ್ರವರಿಯಲ್ಲಿ. ಎರಡು ಇಸವಿಗಳನ್ನೂ ಬೋರ್ಡಿನ ಮೇಲೆ ಬರೆದು ಮಕ್ಕಳಿಂದಲೇ ಕಳೆಯುವ ಲೆಕ್ಕ ಮಾಡಿಸಿ: 116 ವರ್ಷ. ಪಕ್ಕದ ಕೇರಳದಲ್ಲಿ ಅನ್ನಾ ಚಾಂಡಿ ಹೈಕೋರ್ಟಿನ ನ್ಯಾಯಮೂರ್ತಿಯಾದದ್ದು 1959ರಲ್ಲಿ. ನಾವು ಅವರಿಗಿಂತ 41 ವರ್ಷ ಹಿಂದೆ. ಇದನ್ನು ಮಕ್ಕಳಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು.

2000ದಲ್ಲಿ ಬಂದವರು ಮಂಜುಳಾ ಚೆಲ್ಲೂರ್. ಬಳ್ಳಾರಿಯ ಅಲ್ಲಂ ಸುಮಂಗಳಮ್ಮ ಮಹಿಳಾ ಕಾಲೇಜಿನಲ್ಲಿ ಬಿ.ಎ., ಬೆಂಗಳೂರಿನ ರೇಣುಕಾಚಾರ್ಯ ಕಾನೂನು ಕಾಲೇಜಿನಲ್ಲಿ ಕಾನೂನು ಓದಿ, ಮತ್ತೆ ಬಳ್ಳಾರಿಗೆ ಹೋಗಿ ವಕೀಲಿ ಹಿಡಿದರು. ಆ ಊರಿನ ಮೊದಲ ಮಹಿಳಾ ವಕೀಲರೆಂದು ಅವರ ಹೆಸರಿದೆ. 1988ರಲ್ಲಿ ಜಿಲ್ಲಾ ನ್ಯಾಯಾಧೀಶರಾದರು. ಆಗ ವಯಸ್ಸು 32. ಹನ್ನೆರಡು ವರ್ಷದ ಮೇಲೆ ಹೈಕೋರ್ಟ್. 2012ರಲ್ಲಿ ಕೇರಳ, 2014ರಲ್ಲಿ ಕಲ್ಕತ್ತಾ, 2016ರಲ್ಲಿ ಬಾಂಬೆ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿ. 1862ರಷ್ಟು ಹಳೆಯದಾದ ಕಲ್ಕತ್ತಾ ಹೈಕೋರ್ಟಿಗೆ ಅವರೇ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿ. 2017ರ ಡಿಸೆಂಬರಿನಲ್ಲಿ 62 ತುಂಬಿ ನಿವೃತ್ತರಾದರು. ಮೂರು ದೊಡ್ಡ ಹೈಕೋರ್ಟುಗಳನ್ನು ನಡೆಸಿದವರು ಸುಪ್ರೀಂ ಕೋರ್ಟಿಗೆ ಹೋಗಲಿಲ್ಲ. ಏಕೆ ಹೋಗಲಿಲ್ಲ ಎಂದು ಕ್ಲಾಸಿನಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ಆಗ ಮೆಟ್ಟಿಲುಗಳ ಪಾಠಕ್ಕೆ ಬನ್ನಿ.

ನ್ಯಾಯಾಧೀಶರಾಗಲು ಒಂದೇ ಬಾಗಿಲಲ್ಲ. ಕೆಳಗಿನ ಬಾಗಿಲು ಸಿವಿಲ್ ನ್ಯಾಯಾಧೀಶರ ಪರೀಕ್ಷೆ. ಕರ್ನಾಟಕದಲ್ಲಿ ಇದನ್ನು ಹೈಕೋರ್ಟೇ ನಡೆಸುತ್ತದೆ: ಪೂರ್ವಭಾವಿ, ಮುಖ್ಯ ಪರೀಕ್ಷೆ, ಆಮೇಲೆ ಸಂದರ್ಶನ. ಪಾಸಾದವರು ಸಿವಿಲ್ ನ್ಯಾಯಾಧೀಶ, ಹಿರಿಯ ಸಿವಿಲ್ ನ್ಯಾಯಾಧೀಶ, ಜಿಲ್ಲಾ ನ್ಯಾಯಾಧೀಶ ಎಂದು ಒಂದೊಂದೇ ಮೆಟ್ಟಿಲು ಹತ್ತಬೇಕು. ಎರಡನೆಯ ಬಾಗಿಲು ಮಧ್ಯದಲ್ಲಿದೆ. ಸಂವಿಧಾನದ 233ನೇ ವಿಧಿಯಂತೆ ಕನಿಷ್ಠ ಏಳು ವರ್ಷ ವಕೀಲರಾಗಿದ್ದವರನ್ನು ನೇರವಾಗಿ ಜಿಲ್ಲಾ ನ್ಯಾಯಾಧೀಶರಾಗಿ ತೆಗೆದುಕೊಳ್ಳಬಹುದು. ಮೂರನೆಯದು ಹೈಕೋರ್ಟಿನ ಬಾಗಿಲು. 217ನೇ ವಿಧಿ ಹತ್ತು ವರ್ಷದ ವಕೀಲಿಯನ್ನೋ ಹತ್ತು ವರ್ಷದ ನ್ಯಾಯಾಂಗ ಸೇವೆಯನ್ನೋ ಕೇಳುತ್ತದೆ. ಅಲ್ಲಿ ಪರೀಕ್ಷೆ ಇಲ್ಲ, ಅರ್ಜಿ ಹಾಕುವಂತಿಲ್ಲ. ಹಿರಿಯ ನ್ಯಾಯಮೂರ್ತಿಗಳ ಕೊಲಿಜಿಯಂ ಹೆಸರು ಸೂಚಿಸಬೇಕು, ಸರ್ಕಾರ ಒಪ್ಪಬೇಕು, ರಾಷ್ಟ್ರಪತಿಗಳು ನೇಮಿಸಬೇಕು. ಸುಪ್ರೀಂ ಕೋರ್ಟಿಗೂ ಹೀಗೇ. ನಿವೃತ್ತಿ ಹೈಕೋರ್ಟಿನಲ್ಲಿ 62ಕ್ಕೆ, ಸುಪ್ರೀಂ ಕೋರ್ಟಿನಲ್ಲಿ 65ಕ್ಕೆ.

ಈ ಎರಡು ವಯಸ್ಸುಗಳನ್ನು ಬೋರ್ಡಿನ ಮೂಲೆಯಲ್ಲಿ ಬರೆದು ಅಳಿಸದೆ ಬಿಡಿ, ಇಡೀ ಪಾಠದ ಬೀಗದ ಕೈ ಅವು. ಯಾರು ಯಾವ ಬಾಗಿಲಿನಿಂದ, ಎಷ್ಟನೇ ವಯಸ್ಸಿಗೆ ಒಳಗೆ ಬಂದರು ಎಂಬುದರ ಮೇಲೆ ಎಷ್ಟು ಎತ್ತರಕ್ಕೆ ಹೋಗಲು ಸಮಯ ಉಳಿಯುತ್ತದೆ ಎಂಬುದು ನಿಂತಿದೆ. ಫಾತಿಮಾ ಬೀವಿಯವರು 1958ರಲ್ಲಿ ಮುನ್ಸಿಫ್ ಆಗಿ, ಎಂದರೆ ಕೆಳಗಿನ ಬಾಗಿಲಿನಿಂದ, ಸೇರಿದವರು. ಕೇರಳ ಹೈಕೋರ್ಟು ತಲುಪುವಷ್ಟರಲ್ಲಿ 1983 ಆಗಿತ್ತು, ಅವರಿಗೆ 56. ಹೈಕೋರ್ಟಿನಿಂದ 1989ರ ಏಪ್ರಿಲ್‌ನಲ್ಲಿ ನಿವೃತ್ತರೂ ಆಗಿಬಿಟ್ಟರು. ಆಮೇಲೆ ಅದೇ ವರ್ಷ ಅಕ್ಟೋಬರ್ 6ರಂದು ಸುಪ್ರೀಂ ಕೋರ್ಟಿಗೆ ಬಂದರು. ಅಲ್ಲಿ ಅವರಿಗೆ ಸಿಕ್ಕಿದ್ದು ಎರಡೂವರೆ ವರ್ಷ ಮಾತ್ರ.

ಈಗ ಅಂಕಿ ಅಂಶ. 2023ರ ಲೆಕ್ಕದಲ್ಲಿ ದೇಶದ ಜಿಲ್ಲಾ ನ್ಯಾಯಾಂಗದಲ್ಲಿ ಕೆಲಸ ಮಾಡುತ್ತಿದ್ದವರ ಪೈಕಿ ಶೇಕಡಾ 36.3 ಮಂದಿ ಮಹಿಳೆಯರು. ಪರೀಕ್ಷೆ ಇರುವ ಬಾಗಿಲಿನಲ್ಲಿ ಹೆಣ್ಣುಮಕ್ಕಳು ಸಾಲುಸಾಲಾಗಿ ಒಳಗೆ ಬರುತ್ತಿದ್ದಾರೆ. ಸುಪ್ರೀಂ ಕೋರ್ಟಿನಲ್ಲಾದರೆ 1950ರಿಂದ 2025ರ ಮಧ್ಯದವರೆಗೆ ಬಂದವರು ಒಟ್ಟು 11 ಮಂದಿ. 2025ರ ಜೂನ್‌ನಲ್ಲಿ ನ್ಯಾಯಮೂರ್ತಿ ಬೇಲಾ ತ್ರಿವೇದಿ ನಿವೃತ್ತರಾದಾಗ 34 ಸ್ಥಾನಗಳ ಆ ಕೋರ್ಟಿನಲ್ಲಿ ಉಳಿದ ಮಹಿಳೆ ಒಬ್ಬರೇ, ನಮ್ಮ ಬಿ.ವಿ. ನಾಗರತ್ನ. ಕೆಳಗೆ ಅಷ್ಟು, ಮೇಲೆ ಇಷ್ಟು ಏಕೆ? ಈ ಪ್ರಶ್ನೆಗೆ ಮಕ್ಕಳು ತಾವಾಗಿಯೇ ಉತ್ತರ ಹುಡುಕಲಿ, ಹತ್ತು ನಿಮಿಷ ಸುಮ್ಮನಿರಿ. ‘ಹೆಣ್ಣುಮಕ್ಕಳಿಗೆ ಆಸಕ್ತಿ ಇಲ್ಲ’ ಎಂದು ಯಾರಾದರೂ ಹೇಳಿದರೆ 36.3ರ ಕಡೆ ಬೆರಳು ತೋರಿಸಿ.

ನಾಗರತ್ನ ಅವರ ವಿಷಯದಲ್ಲಿ ಒಂದು ಲೆಕ್ಕ ಮಾಡಿಸಲೇಬೇಕು. ಎಂಟನೇ ತರಗತಿಯ ಮಕ್ಕಳೂ ಮಾಡಬಲ್ಲ ಲೆಕ್ಕ ಅದು. ಅವರು ಹುಟ್ಟಿದ್ದು 1962ರ ಅಕ್ಟೋಬರ್ 30. 65 ತುಂಬುವ ಹಿಂದಿನ ದಿನ, 2027ರ ಅಕ್ಟೋಬರ್ 29, ಸೇವೆಯ ಕೊನೆಯ ದಿನ. ಭಾರತದ ಮುಖ್ಯ ನ್ಯಾಯಮೂರ್ತಿಯಾಗುವವರು ರೂಢಿಯಂತೆ ಸೇವೆಯಲ್ಲಿ ಎಲ್ಲರಿಗಿಂತ ಹಿರಿಯರು. 2021ರ ಆಗಸ್ಟ್ 31ರಂದು ಒಂದೇ ಬೆಳಗ್ಗೆ ಒಂಬತ್ತು ಮಂದಿ ಪ್ರಮಾಣವಚನ ತೆಗೆದುಕೊಂಡರು, ಮೂವರು ಮಹಿಳೆಯರು. ವಚನ ತೆಗೆದುಕೊಂಡ ಸರದಿಯೇ ಹಿರಿತನ. ಸರದಿಯಲ್ಲಿ ನಾಗರತ್ನ ಅವರಿಗಿಂತ ಮುಂದಿದ್ದ ವಿಕ್ರಮ್ ನಾಥ್ ನಿವೃತ್ತರಾಗುವುದು 2027ರ ಸೆಪ್ಟೆಂಬರ್ 23ಕ್ಕೆ. ಮರುದಿನ ಇವರ ಸರದಿ. ಸೆಪ್ಟೆಂಬರಿನ 7 ದಿನ, ಅಕ್ಟೋಬರಿನ 29 ದಿನ, ಒಟ್ಟು 36. ಈಗಿನ ಪಟ್ಟಿ ಹಾಗೇ ನಡೆದರೆ ಭಾರತದ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿಗೆ ಸಿಗುವ ಅವಧಿ ಇಷ್ಟೇ.

ಹೈಕೋರ್ಟಿಗೆ ಅವರು ಬಂದದ್ದು 2008ರ ಫೆಬ್ರವರಿಯಲ್ಲಿ, 45ನೇ ವಯಸ್ಸಿಗೆ, ನೇರ ವಕೀಲಿಯಿಂದ. ಅಷ್ಟು ಬೇಗ ಬಂದವರಿಗೇ ಮೇಲೆ ಉಳಿಯುವುದು 36 ದಿನ. ಹಾಗಿದ್ದರೆ ಸಿವಿಲ್ ನ್ಯಾಯಾಧೀಶರಾಗಿ ಸೇರಿ ಮೆಟ್ಟಿಲು ಹತ್ತುತ್ತಾ ಐವತ್ತರ ಮೇಲೆ ಹೈಕೋರ್ಟು ಮುಟ್ಟುವ ಹೆಣ್ಣುಮಗಳ ಲೆಕ್ಕ ಏನಾದೀತು? 2019ರ ಸೆಪ್ಟೆಂಬರ್ ನಂತರ 2021ರ ಆಗಸ್ಟ್‌ವರೆಗೆ ಸುಪ್ರೀಂ ಕೋರ್ಟಿಗೆ ಹೊಸ ನೇಮಕವೇ ಆಗಲಿಲ್ಲ. ಸರದಿಯಲ್ಲಿ ನಿಂತವರಿಗೆ ಒಂದೊಂದು ತಿಂಗಳೂ ಎಷ್ಟು ದೊಡ್ಡದು ಎಂಬುದು ಈ ಲೆಕ್ಕ ಮಾಡಿದ ಮಕ್ಕಳಿಗೆ ಬೇರೆ ಹೇಳಬೇಕಾಗುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ನಾಗರತ್ನ ಅವರ ತಂದೆ ಇ.ಎಸ್. ವೆಂಕಟರಾಮಯ್ಯನವರು ಸ್ವತಃ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದವರು, 1989ರ ಜೂನ್‌ನಿಂದ ಡಿಸೆಂಬರ್‌ವರೆಗೆ. ಫಾತಿಮಾ ಬೀವಿ ಸುಪ್ರೀಂ ಕೋರ್ಟಿಗೆ ಬಂದದ್ದು ಅವರ ಕಾಲದಲ್ಲೇ. ಪಿಯು ಹುಡುಗ ಹುಡುಗಿಯರು ಚುರುಕು, “ಮನೆಯಲ್ಲೇ ಕಾನೂನು ಇದ್ದರೆ ಸುಲಭ ಅಲ್ವಾ ಮೇಡಂ?” ಎನ್ನುತ್ತಾರೆ. ಪ್ರಶ್ನೆಯನ್ನು ಹಾರಿಸಬೇಡಿ. ಹೌದು, ಮನೆಯಲ್ಲಿ ಪುಸ್ತಕ, ಗುರುತು, ಧೈರ್ಯ ಇದ್ದವರಿಗೆ ದಾರಿ ಬೇಗ ಕಾಣುತ್ತದೆ, ಗಂಡಸರ ವಿಷಯದಲ್ಲೂ ಇದು ನಿಜ. ಪಕ್ಕದಲ್ಲಿ ಬಳ್ಳಾರಿಯ ಚೆಲ್ಲೂರರ ದಾರಿಯನ್ನೂ ಇಡಿ. ಎರಡನ್ನೂ ನೋಡಿದ ಮೇಲೆ ಮಕ್ಕಳು ತಮ್ಮ ತೀರ್ಮಾನಕ್ಕೆ ತಾವೇ ಬರಲಿ.

ಹಿಂದಿನ ಚರಿತ್ರೆಗೆ ಒಂದು ಪೀರಿಯಡ್ ಸಾಕು. 1916ರಲ್ಲಿ ರೆಜಿನಾ ಗುಹಾ ಎಂಬ ಕಾನೂನು ಪದವೀಧರೆ ವಕೀಲಿ ಮಾಡಲು ಅನುಮತಿ ಕೇಳಿದಾಗ ಕಲ್ಕತ್ತಾ ಹೈಕೋರ್ಟು ನಿರಾಕರಿಸಿತು. 1921ರಲ್ಲಿ ಅಲಹಾಬಾದ್ ಹೈಕೋರ್ಟು ಕಾರ್ನೀಲಿಯಾ ಸೊರಾಬ್ಜಿಯವರಿಗೆ ಬಾಗಿಲು ತೆರೆಯಿತು. 1923ರಲ್ಲಿ ಮಹಿಳೆ ಎಂಬ ಕಾರಣಕ್ಕೆ ಯಾರನ್ನೂ ವಕೀಲಿಯಿಂದ ದೂರ ಇಡುವಂತಿಲ್ಲ ಎಂಬ ಕಾಯ್ದೆ ಬ್ರಿಟಿಷ್ ಇಂಡಿಯಾದಲ್ಲಿ ಬಂತು. 1937ರಲ್ಲಿ ತಿರುವಾಂಕೂರು ಸಂಸ್ಥಾನ ಅನ್ನಾ ಚಾಂಡಿಯವರನ್ನು ಮುನ್ಸಿಫ್ ಆಗಿ ನೇಮಿಸಿತು. ಅವರನ್ನು ನೋಡಿ ಫಾತಿಮಾ ಬೀವಿಯವರ ತಂದೆ ಮಗಳನ್ನು ಕಾನೂನು ಓದಲು ಹುರಿದುಂಬಿಸಿದರು. 1991ರಲ್ಲಿ ಲೀಲಾ ಸೇಠ್ ಹಿಮಾಚಲ ಪ್ರದೇಶದಲ್ಲಿ, ಯಾವುದೇ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದ ಮೊದಲ ಮಹಿಳೆಯಾದರು. ಇವಿಷ್ಟು ಗೋಡೆಯ ಮೇಲಿನ ಚಾರ್ಟಿಗೆ ಸಾಲುತ್ತದೆ.

ನಮ್ಮ ಬಡಾವಣೆಗಳ ಮಕ್ಕಳಿಗೆ ಇನ್ನೊಂದು ಅನುಕೂಲ ಇದೆ. ಹೆಣ್ಣುಮಕ್ಕಳು ಒಟ್ಟುಗೂಡಿ ಕೆಲಸ ಮಾಡಿದ ಚರಿತ್ರೆ ಇಲ್ಲಿ ಹಳೆಯದು. ಮಹಿಳಾ ಸೇವಾ ಸಮಾಜ ಶುರುವಾದದ್ದು 1913ರಲ್ಲಿ. ಚಾಮರಾಜಪೇಟೆಯ ಮಕ್ಕಳ ಕೂಟವನ್ನು ಆರ್. ಕಲ್ಯಾಣಮ್ಮನವರು ಕಟ್ಟಿದ್ದು 1938ರಲ್ಲಿ, ಅವರು ‘ಸರಸ್ವತಿ’ ಪತ್ರಿಕೆಯನ್ನೂ ನಡೆಸಿದವರು. ಓದು, ಬರಹ, ಸಂಘಟನೆ ಎಲ್ಲ ಇದ್ದ ಊರಿನಲ್ಲೂ ನ್ಯಾಯಪೀಠ ಇಷ್ಟು ತಡವಾಗಿ ತೆರೆಯಿತು ಎಂಬುದು ಮಕ್ಕಳಿಗೆ ನಾಟಬೇಕು. ಮನೆಗೆಲಸವಾಗಿ ಒಂದು ಸಣ್ಣ ವಿಚಾರಣೆ ಕೊಡಿ. ಅಜ್ಜಿ, ದೊಡ್ಡಮ್ಮ, ಪಕ್ಕದ ಮನೆಯ ಹಿರಿಯರನ್ನು ಕೇಳಿ ಬರಲಿ: ನೀವು ಮೊದಲ ಸಲ ಮಹಿಳಾ ವಕೀಲರನ್ನು ನೋಡಿದ್ದು ಯಾವಾಗ, ಎಲ್ಲಿ? ಶಾಲೆಗೆ ಬರುವ ದಾರಿಯಲ್ಲಿ ಗೇಟಿನ ಮೇಲೆ ‘ವಕೀಲರು’ ಎಂದಿರುವ ಬೋರ್ಡುಗಳಲ್ಲಿ ಹೆಣ್ಣಿನ ಹೆಸರು ಎಷ್ಟಿವೆ ಎಂದೂ ಎಣಿಸಲಿ. ಯಾರ ಮನೆಗೂ ಹೇಳದೆ ಕೇಳದೆ ನುಗ್ಗಬಾರದು, ಫೋಟೊ ತೆಗೆಯಬಾರದು.

ಇನ್ನು ತೀರ್ಪು ಓದಿಸುವುದು. ಹೈಸ್ಕೂಲಿಗೆ ಇದು ಜಾಸ್ತಿಯಾಯಿತು ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಇಡೀ ತೀರ್ಪು ಬೇಡ. ಸುಪ್ರೀಂ ಕೋರ್ಟಿನ ತೀರ್ಪುಗಳು ಇ-ಎಸ್‌ಸಿಆರ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ, ಕೆಲವಕ್ಕೆ ಕನ್ನಡ ಅನುವಾದವೂ ಇದೆ. ಮೊದಲ ಎರಡು ಪುಟ ಪ್ರಿಂಟ್ ತೆಗೆದು ಹಂಚಿ. ಕಕ್ಷಿದಾರರು ಯಾರು, ಪೀಠದಲ್ಲಿ ಯಾರಿದ್ದರು, ತೀರ್ಪು ಬರೆದವರು ಯಾರು, ಎಲ್ಲರೂ ಒಪ್ಪಿದರೇ? ಇಷ್ಟನ್ನು ಗುರುತಿಸಿದರೆ ಒಂದು ಪೀರಿಯಡ್ ಸಾರ್ಥಕ.

ಆಯ್ಕೆ ಮಾಡುವಾಗ ‘ಹೆಂಗಸರ ವಿಷಯ’ದ ತೀರ್ಪುಗಳನ್ನು ಮಾತ್ರ ಆರಿಸಬೇಡಿ. ಮಹಿಳಾ ನ್ಯಾಯಮೂರ್ತಿ ಎಂದರೆ ಮಹಿಳೆಯರ ಪರ ತೀರ್ಪು ಕೊಡುವವರು ಎಂಬ ತಪ್ಪು ತಿಳಿವಳಿಕೆ ಅಲ್ಲಿಂದಲೇ ಹುಟ್ಟುತ್ತದೆ. 2023ರ ಜನವರಿ 2ರಂದು ನೋಟು ರದ್ದತಿ ಪ್ರಕರಣದಲ್ಲಿ ನಾಲ್ವರು ಒಂದು ಕಡೆ, ನಾಗರತ್ನ ಒಬ್ಬರೇ ಇನ್ನೊಂದು ಕಡೆ. ಕೇಂದ್ರ ಸರ್ಕಾರವೇ ಪ್ರಸ್ತಾಪ ಇಟ್ಟಿದ್ದರಿಂದ ಬರೀ ಗೆಜೆಟ್ ಅಧಿಸೂಚನೆ ಸಾಲದು, ಕಾನೂನಿನ ಮೂಲಕ ಆಗಬೇಕಿತ್ತು ಎಂಬುದು ಅವರ ನಿಲುವು. ಶಬರಿಮಲೆ ಪ್ರಕರಣದ 2018ರ ತೀರ್ಪಿನಲ್ಲಿ ಐವರ ಪೀಠದಲ್ಲಿದ್ದ ಏಕೈಕ ಮಹಿಳೆ ಇಂದು ಮಲ್ಹೋತ್ರಾ. ಎಲ್ಲ ವಯಸ್ಸಿನ ಮಹಿಳೆಯರಿಗೆ ಪ್ರವೇಶ ಕೊಡಬೇಕೆಂದ ನಾಲ್ವರನ್ನು ಒಪ್ಪದೆ ಭಿನ್ನ ತೀರ್ಪು ಬರೆದವರು ಅವರೇ. ಯಾರು ಸರಿ ಎಂದು ಮೇಷ್ಟ್ರು ಹೇಳಬೇಕಾಗಿಲ್ಲ. ನ್ಯಾಯಮೂರ್ತಿ ತನ್ನ ಓದಿನ ಮೇಲೆ, ತನ್ನ ಕಾರಣ ಬರೆದು ತೀರ್ಮಾನಿಸುತ್ತಾರೆ ಎಂಬುದು ಕಂಡರೆ ಸಾಕು.

ಹಾಗಾದರೆ ಪೀಠದಲ್ಲಿ ಹೆಣ್ಣಿದ್ದರೆ ಏನು ವ್ಯತ್ಯಾಸ? ಇದಕ್ಕೆ ನಾನು ಕೊಡುವ ಉದಾಹರಣೆ 2025ರ ಫೆಬ್ರವರಿ 28ರ ತೀರ್ಪು. ಮಧ್ಯಪ್ರದೇಶದಲ್ಲಿ ಆರು ಮಂದಿ ಮಹಿಳಾ ಸಿವಿಲ್ ನ್ಯಾಯಾಧೀಶರನ್ನು ಕೆಲಸದ ಸಾಧನೆ ಸಾಲದು ಎಂದು ಸೇವೆಯಿಂದ ತೆಗೆದಿದ್ದರು. ನಾಲ್ವರಿಗೆ ಕೆಲಸ ಮರಳಿ ಸಿಕ್ಕಿತು, ಇಬ್ಬರು ಉಳಿದರು. ಅವರಲ್ಲೊಬ್ಬರಿಗೆ ಆ ಅವಧಿಯಲ್ಲಿ ಗರ್ಭಪಾತವಾಗಿತ್ತು, ಕೋವಿಡ್ ಬಂದಿತ್ತು. ನಾಗರತ್ನ ಅವರಿದ್ದ ಪೀಠ ಇಬ್ಬರನ್ನೂ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ಆದೇಶಿಸಿತು. ಸಂಖ್ಯೆ ಹೆಚ್ಚಿಸಿದರಷ್ಟೇ ಸಾಲದು, ಅವರು ಕೆಲಸ ಮಾಡುವ ವಾತಾವರಣವೂ ಅವರನ್ನು ಅರ್ಥ ಮಾಡಿಕೊಳ್ಳುವಂತಿರಬೇಕು ಎಂಬುದು ಆ ತೀರ್ಪಿನ ಸಾರ. 2021ರ ಅಕ್ಟೋಬರ್‌ನಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಅವರು ದೇಶದ ಕೋರ್ಟ್ ಸಂಕೀರ್ಣಗಳಲ್ಲಿ ಶೇಕಡಾ 26ರಷ್ಟು ಕಡೆ ಮಹಿಳೆಯರಿಗೆ ಪ್ರತ್ಯೇಕ ಶೌಚಾಲಯವೇ ಇಲ್ಲ ಎಂದಿದ್ದರು. ಹದಿನಾಲ್ಕು ವರ್ಷದ ಹುಡುಗಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಕೋರ್ಟಿಗೆ ಹೋದವರ ಕಥೆಯನ್ನೂ ಸೇರಿಸಿ. ಕೊಡಗಿನ ಸಿ.ಬಿ. ಮುತ್ತಮ್ಮ 1949ರಲ್ಲಿ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. ಮದುವೆಯಾಗಬೇಕಾದರೆ ಮಹಿಳಾ ಅಧಿಕಾರಿ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು ಎಂಬ ನಿಯಮ ಅಲ್ಲಿತ್ತು. ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮಗಳನ್ನು ಕಟುವಾಗಿ ಟೀಕಿಸಿದರು. ಆಗ ಪೀಠದಲ್ಲಿ ಹೆಣ್ಣಿರಲಿಲ್ಲ. ವಿಶಾಖಾ ಪ್ರಕರಣದ 1997ರ ಪೀಠದಲ್ಲಿ ಸುಜಾತಾ ಮನೋಹರ್ ಇದ್ದರು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಬೇರು ಆ ತೀರ್ಪು.

ಇಷ್ಟಾದ ಮೇಲೆ ಕೋರ್ಟು ನೋಡಲು ಕರೆದುಕೊಂಡು ಹೋಗಿ. ಮೊದಲೇ ಹೋದರೆ ಕಟ್ಟಡ ಕಾಣುತ್ತದೆ, ಕೋರ್ಟು ಕಾಣುವುದಿಲ್ಲ. ನಮಗೆ ಇದು ಸುಲಭ: ನ್ಯಾಷನಲ್ ಕಾಲೇಜು, ಕೆ.ಆರ್. ಮಾರ್ಕೆಟ್, ಸಂಪಿಗೆ ರಸ್ತೆ ಮೂರೂ ಮೆಟ್ರೊ ಹಸಿರು ಮಾರ್ಗದಲ್ಲೇ ಇವೆ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ಎರಡನೇ ನಿಲ್ದಾಣವೇ ವಿಧಾನಸೌಧ. ಎದುರಿಗೆ 1868ರ ಕೆಂಪು ಕಟ್ಟಡ, ಅಠಾರಾ ಕಚೇರಿ. ಹೈಕೋರ್ಟು ಇರುವುದು ಅಲ್ಲೇ. ಹೈಕೋರ್ಟಿಗೆ ಗುಂಪಾಗಿ ಹೋಗುವುದಾದರೆ ಶಾಲೆಯ ಲೆಟರ್‌ಹೆಡ್‌ನಲ್ಲಿ ರಿಜಿಸ್ಟ್ರಾರ್ ಜನರಲ್ ಅವರಿಗೆ ಮೊದಲೇ ಪತ್ರ ಕೊಟ್ಟು ಒಪ್ಪಿಗೆ ಪಡೆಯಿರಿ. ಗುರುತಿನ ಚೀಟಿ ಎಲ್ಲರ ಬಳಿ ಇರಲಿ. ಬೇಸಿಗೆ, ದಸರಾ, ಡಿಸೆಂಬರ್ ಕೊನೆಯ ರಜೆಗಳನ್ನು ನೋಡಿಕೊಳ್ಳಿ. ಯಾವ ಹಾಲಿನಲ್ಲಿ ಯಾರ ಪೀಠ, ಯಾವ ಕೇಸು ಎಂಬ ಕಾಸ್ ಲಿಸ್ಟ್ ಹೈಕೋರ್ಟಿನ ಜಾಲತಾಣದಲ್ಲಿ ಸಿಗುತ್ತದೆ. ಮಹಿಳಾ ನ್ಯಾಯಮೂರ್ತಿಯ ಹಾಲನ್ನು ಗುರುತು ಮಾಡಿಕೊಂಡೇ ಹೋಗಿ.

ವಿಚಾರಣೆಯೇ ನೋಡಬೇಕೆಂದರೆ ಕೆಂಪೇಗೌಡ ರಸ್ತೆಯ ಸಿಟಿ ಸಿವಿಲ್ ಕೋರ್ಟು ಒಳ್ಳೆಯದು. ಸಾಕ್ಷಿ, ಪಾಟೀಸವಾಲು ಎಲ್ಲ ಅಲ್ಲಿ ನಡೆಯುತ್ತದೆ. ಕೌಟುಂಬಿಕ ನ್ಯಾಯಾಲಯಕ್ಕೆ ಮಕ್ಕಳನ್ನು ಒಯ್ಯಬೇಡಿ. ಅಲ್ಲಿಯ ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯಬಹುದು, ಮೇಲಾಗಿ ಬೇರೆಯವರ ಸಂಸಾರದ ನೋವು ನೋಡುವ ವಸ್ತುವಲ್ಲ. ಪೋಕ್ಸೊ, ಅತ್ಯಾಚಾರ ಪ್ರಕರಣಗಳ ವಿಚಾರಣೆಗೂ ಹೊರಗಿನವರಿಗೆ ಪ್ರವೇಶವಿಲ್ಲ. ಫೋನ್ ಆಫ್, ನ್ಯಾಯಾಧೀಶರು ಬಂದಾಗ ಎದ್ದು ನಿಲ್ಲುವುದು, ಪಿಸುಮಾತೂ ಬೇಡ. ಹೋಗಲಾಗದ ಶಾಲೆಗಳಿಗೆ ಹೈಕೋರ್ಟಿನ ನೇರ ಪ್ರಸಾರ ಇದೆ. ಅದರ ನಿಯಮಗಳು 2022ರ ಜನವರಿ 1ರಿಂದ ಜಾರಿಯಲ್ಲಿವೆ. ನೋಡಬಹುದು. ಅನುಮತಿಯಿಲ್ಲದೆ ರೆಕಾರ್ಡ್ ಮಾಡುವುದು, ತುಣುಕು ಕತ್ತರಿಸಿ ಹಂಚುವುದು ತಪ್ಪು. ಇದನ್ನು ಮಕ್ಕಳಿಗೆ ಎರಡು ಸಲ ಹೇಳಿ.

ಕಾನೂನು ಓದಬೇಕೆನ್ನುವ ಪಿಯು ವಿದ್ಯಾರ್ಥಿನಿಯರಿಗೆ ಒಂದು ಹೊಸ ಸಂಗತಿ ತಿಳಿದಿರಬೇಕು. 2025ರ ಮೇ 20ರಂದು ಸುಪ್ರೀಂ ಕೋರ್ಟು ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಕನಿಷ್ಠ ಮೂರು ವರ್ಷದ ವಕೀಲಿ ಬೇಕೆಂಬ ಷರತ್ತನ್ನು ಮರಳಿ ತಂದಿತು. ಕೋರ್ಟಿನ ಒಳಹೊರಗು ತಿಳಿದವರು ಬರಲಿ ಎಂಬುದು ಕಾರಣ. ಸಂಪಾದನೆ ಕಡಿಮೆ ಇರುವ ಆ ಮೊದಲ ಮೂರು ವರ್ಷ, ಮದುವೆಯ ಒತ್ತಡವೂ ಇರುವ ವಯಸ್ಸಿನಲ್ಲಿ, ಹೆಣ್ಣುಮಕ್ಕಳಿಗೆ ಹೆಚ್ಚು ಕಷ್ಟ ಎಂಬುದು ನನ್ನ ಆತಂಕ. ಚರ್ಚಾಸ್ಪರ್ಧೆಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗದು. ಬುಲ್ ಟೆಂಪಲ್ ರಸ್ತೆಯ ಬಿ.ಎಂ.ಎಸ್. ಕಾನೂನು ಕಾಲೇಜಿನಂಥ ಕಡೆಯಿಂದ ಕೊನೆಯ ವರ್ಷದ ವಿದ್ಯಾರ್ಥಿನಿಯರನ್ನು ತೀರ್ಪುಗಾರರಾಗಿ ಕರೆದರೆ ಚರ್ಚೆಗೆ ಜೀವ ಬರುತ್ತದೆ.

ಯಾವಾಗ ಮಾಡುವುದು? ವಿಶ್ವಸಂಸ್ಥೆ ಮಾರ್ಚ್ 10ನ್ನು ಮಹಿಳಾ ನ್ಯಾಯಾಧೀಶರ ಅಂತರರಾಷ್ಟ್ರೀಯ ದಿನ ಎಂದು 2021ರಲ್ಲಿ ಘೋಷಿಸಿದೆ. ನಮ್ಮಲ್ಲಿ ಅದು ಪರೀಕ್ಷೆಯ ಕಾಲ, ಯಾರೂ ಕಿವಿಗೊಡುವುದಿಲ್ಲ. ನವೆಂಬರ್ ಸರಿ. 9ಕ್ಕೆ ಕಾನೂನು ಸೇವಾ ದಿನ, 26ಕ್ಕೆ ಸಂವಿಧಾನ ದಿನ, ನಡುವಿನ ಎರಡು ವಾರ ಈ ಪಾಠಕ್ಕೆ ಇಡಿ. ಕಾನೂನು ಸೇವಾ ಪ್ರಾಧಿಕಾರಗಳು ಶಾಲೆಗಳಲ್ಲಿ ಅರಿವು ಕಾರ್ಯಕ್ರಮ ನಡೆಸುತ್ತವೆ, ನ್ಯಾಯಾಧೀಶರೂ ಬರುತ್ತಾರೆ. ರಾಜ್ಯ ಪ್ರಾಧಿಕಾರದ ಕಚೇರಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ, ಬಸವನಗುಡಿಯಿಂದ ದೂರವೇನಲ್ಲ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೂ ಮಕ್ಕಳಿಗೂ ಉಚಿತ ಕಾನೂನು ನೆರವು ಕೊಡುವುದು ಅದರ ಕೆಲಸ. ಸಹಾಯವಾಣಿ 15100. ಇದನ್ನು ಪ್ರತಿ ಮಗುವೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮನೆಯಲ್ಲಿ ತೋರಿಸಲಿ.

ಪ್ರಾಧಿಕಾರಕ್ಕೆ ಪತ್ರವನ್ನು ಜೂನ್‌ನಲ್ಲೇ ಕೊಡಿ. ಮಹಿಳಾ ಸಿವಿಲ್ ನ್ಯಾಯಾಧೀಶರೊಬ್ಬರನ್ನು ಕಳುಹಿಸಿಕೊಡಿ ಎಂದು ಸ್ಪಷ್ಟವಾಗಿ ಬರೆಯಿರಿ. ಭಾಷಣ ಬೇಡ, ಮಕ್ಕಳ ಪ್ರಶ್ನೆಗಳಿಗೆ ಒಂದು ಗಂಟೆ ಕೊಡಿ ಎಂದೂ ಸೇರಿಸಿ.